ಹೊಟ್ಟೆಯಲ್ಲಿ ನಿಲ್ಲುವ ತರಕಾರಿ: ನಮ್ಮ ಅಡುಗೆಮನೆಯಲ್ಲಿ ಕಲಿತದ್ದು

ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಎಂಬ ಕ್ರಮ ಹಿಂದಿನಿಂದಲೂ ನಡೆದುಬಂದಿದೆ. ದಿನವಿಡೀ ತೋಟದ ಇಳಿಜಾರನ್ನು ಹತ್ತಿ ಇಳಿಯುತ್ತಿದ್ದ ಕಾಲದಲ್ಲಿ ಆ ಊಟ ನನಗೆ ಸರಿಹೊಂದುತ್ತಿತ್ತು. ಮಂಡಿನೋವು ಬಂದು ತೋಟದ ಕೆಲಸ ಬಿಟ್ಟು, ಲೆಕ್ಕಪತ್ರ ನೋಡಿಕೊಂಡು ಮನೆಯಲ್ಲೇ ಕುಳಿತ ಮೇಲೂ ತಟ್ಟೆಯಲ್ಲಿ ಮೂರು ಸೌಟು ಅನ್ನ ಹಾಗೆಯೇ ಉಳಿಯಿತು. ಐವತ್ತೆರಡನೆಯ ವಯಸ್ಸಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.3 ಎಂದು ಬಂದಿತು. ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುತ್ತದೆ, 5.7ರಿಂದ 6.4ರವರೆಗಿನ ಅಂಕಿಯನ್ನು ಮಧುಮೇಹದ ಹೊಸ್ತಿಲೆಂದೂ, 6.5 ಮುಟ್ಟಿದರೆ ಮಧುಮೇಹವೆಂದೂ ಪರಿಗಣಿಸುತ್ತಾರೆ. ಅನ್ನ ಕಡಿಮೆ ಮಾಡಿ ತರಕಾರಿ ಹೆಚ್ಚು ಮಾಡಿರಿ ಎಂದು ವೈದ್ಯರು ಹೇಳಿದರು. ಯಾವ ತರಕಾರಿ ಎಂದು ನಾನು ಕೇಳಲಿಲ್ಲ, ಕೇಳಬೇಕೆಂದು ಆಗ ತೋಚಲೂ ಇಲ್ಲ.

ಮೊದಲ ಒಂದು ತಿಂಗಳು ನಾನು ತಪ್ಪು ತರಕಾರಿಗಳನ್ನೇ ಆರಿಸಿಕೊಂಡೆ. ಶರ್ಕರಪಿಷ್ಟ, ಅಂದರೆ ದೇಹದಲ್ಲಿ ಸಕ್ಕರೆಯಾಗುವ ಕಾರ್ಬೋಹೈಡ್ರೇಟ್, ಅತ್ಯಂತ ಕಡಿಮೆ ಇರುವುದು ಯಾವುದೋ ಅದೇ ಒಳ್ಳೆಯದೆಂದು ಭಾವಿಸಿ ಸೋರೆಕಾಯಿ, ಬೂದುಗುಂಬಳ, ಸೌತೆಕಾಯಿಗಳನ್ನೇ ತಂದು ತಂದು ಬೇಯಿಸಿದೆ. 100 ಗ್ರಾಂ ಸೋರೆಕಾಯಿಯಲ್ಲಿ ಶರ್ಕರಪಿಷ್ಟ ಸುಮಾರು 3.5 ಗ್ರಾಂ ಮಾತ್ರ ಇರುವುದರಿಂದ ಲೆಕ್ಕದಲ್ಲಿ ನನ್ನ ಆಯ್ಕೆ ಸರಿಯಾಗಿಯೇ ಇತ್ತು. ಆದರೆ ಒಂದು ಸೌಟು ಅನ್ನ ಮತ್ತು ಒಂದು ಬಟ್ಟಲು ಸೋರೆಕಾಯಿ ಪಲ್ಯ ತಿಂದು ಎದ್ದರೆ ಮೂರು ಗಂಟೆಯ ಹೊತ್ತಿಗೆ ಹೊಟ್ಟೆ ಕರಕರ ಎನ್ನುತ್ತಿತ್ತು. ನಾಲ್ಕಕ್ಕೆ ಕಾಫಿಯ ಜೊತೆ ಎರಡು ಬಾಳೆಹಣ್ಣು, ಒಂದು ಹಿಡಿ ಬಿಸ್ಕತ್ತು ಒಳಗೆ ಹೋಗುತ್ತಿದ್ದವು. ಮಧ್ಯಾಹ್ನ ಬಿಟ್ಟ ಅನ್ನದ ಲೆಕ್ಕವೆಲ್ಲ ಸಂಜೆಗೆ ಅಲ್ಲಿಂದಲ್ಲಿಗೆ ಸರಿಹೋಗುತ್ತಿತ್ತು.

ನನ್ನ ಕಣ್ಣು ತೆರೆಸಿದ್ದು ಮಳೆಗಾಲದ ಕಳಲೆ, ಅಂದರೆ ಬಿದಿರಿನ ಎಳೆಯ ಮೊಳಕೆ. ದಕ್ಷಿಣ ಕೊಡಗಿನ ಕೊಡವರ ಮನೆಗಳಲ್ಲಿ ಇದನ್ನು ಬೈಂಬಳೆ ಎನ್ನುತ್ತಾರೆ. ಆ ದಿನ ಹೆಚ್ಚಿದ ಕಳಲೆಗೆ ಒಂದು ಹಿಡಿ ಮೊಳಕೆಯ ಹೆಸರುಕಾಳು ಸೇರಿಸಿ, ಕಾಯಿತುರಿ ಹಾಕಿ ಗಟ್ಟಿಯಾದ ಪಲ್ಯ ಮಾಡಿ, ಅದೇ ಒಂದು ಸೌಟು ಅನ್ನದ ಜೊತೆ ತಿಂದಿದ್ದೆ. ಸಂಜೆ ಆರಕ್ಕೆ ದೀಪ ಹಚ್ಚುವಾಗ ನಾಲ್ಕರ ಕಾಫಿಯ ಜೊತೆ ಏನನ್ನೂ ತಿಂದಿಲ್ಲವೆಂಬುದು ನೆನಪಾಯಿತು. 100 ಗ್ರಾಂ ಕಳಲೆಯಲ್ಲಿ ಶರ್ಕರಪಿಷ್ಟ ಸುಮಾರು 5 ಗ್ರಾಂ, ಅದರಲ್ಲಿ 2 ಗ್ರಾಂನಷ್ಟು ಬರೀ ನಾರು. ಜೊತೆಗೆ ಎರಡೂವರೆ ಗ್ರಾಂ ಸಸಾರಜನಕ. ಅಂದರೆ ಸೋರೆಕಾಯಿಗಿಂತ ಶರ್ಕರಪಿಷ್ಟ ತುಸು ಹೆಚ್ಚೇ ಇದೆ, ಆದರೂ ಹೊಟ್ಟೆಯಲ್ಲಿ ನಿಲ್ಲುವುದು ಇದೇ. ಕಡಿಮೆ ಶರ್ಕರಪಿಷ್ಟವೊಂದನ್ನೇ ನೋಡಿದರೆ ಸಾಲದು, ಅಗಿಯಬೇಕಾಗುವ ಮತ್ತು ನಾರು ಉಳ್ಳ ತರಕಾರಿಯನ್ನು ಆರಿಸಬೇಕು ಎಂದು ನನಗೆ ಅಂದು ತಿಳಿಯಿತು.

ಕಳಲೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ಆದ್ದರಿಂದ ಹೊರಗಿನ ಸಿಪ್ಪೆಗಳನ್ನು ಬಿಡಿಸಿ, ಎಳೆಯ ಭಾಗವನ್ನು ತೆಳುವಾಗಿ ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಆಮೇಲೆ ಕುದಿಸಿ ಆ ನೀರನ್ನೂ ಚೆಲ್ಲಿಯೇ ಅಡುಗೆಗೆ ಬಳಸಬೇಕು. ಹಿರಿಯರು ಇದನ್ನು ಕಹಿ ತೆಗೆಯುವ ಕೆಲಸವೆಂದು ಮಾಡುತ್ತಿದ್ದರು; ಕಹಿಯ ಜೊತೆ ವಿಷವೂ ಹೋಗುತ್ತಿತ್ತು. ಅವಸರದಲ್ಲಿ ಈ ಕೆಲಸವನ್ನು ಅರ್ಧಕ್ಕೆ ಬಿಡುವುದಾದರೆ ಕಳಲೆಯನ್ನು ಮುಟ್ಟದಿರುವುದೇ ಮೇಲು.

ಕಳಲೆ ಸಿಗುವುದು ಮಳೆಗಾಲದ ಕೆಲವು ವಾರ ಮಾತ್ರ. ವರ್ಷದ ಉಳಿದ ದಿನಗಳಿಗೆ ಅಂಥದೇ ಗುಣದ ತರಕಾರಿಗಳನ್ನು ಹುಡುಕಲು ಅಡುಗೆಮನೆಯಲ್ಲಿ ಒಂದು ಪುಟ್ಟ ತೂಕದ ಯಂತ್ರವನ್ನು ಇಟ್ಟುಕೊಂಡೆ. ಒಂದು ದಿನ 250 ಗ್ರಾಂ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಮೊರಕ್ಕೆ ಹಾಕಿದಾಗ ಮೊರ ತುಂಬಿಹೋಯಿತು. ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ನೀರು ಸೇರಿಸದೆ, ಮುಚ್ಚಳ ಮುಚ್ಚದೆ, ಅಗಿಯಲು ಸ್ವಲ್ಪ ಬಿಗಿ ಉಳಿಯುವಂತೆ ಬಾಡಿಸಿ ಇಳಿಸಿದಾಗ ಒಂದೂವರೆ ಬಟ್ಟಲು ಪಲ್ಯ ಉಳಿಯಿತು. ಮರುದಿನ ಅಷ್ಟೇ ತೂಕದ ಸೋರೆಕಾಯಿಯನ್ನು ಮುಚ್ಚಿ ಬೇಯಿಸಿದರೆ ಅದು ತನ್ನ ನೀರಿನಲ್ಲೇ ಕರಗಿ, ಚಮಚದಲ್ಲಿ ಎತ್ತಿ ಕುಡಿಯುವಂತಾಯಿತು. ಎಲೆಕೋಸಿನಲ್ಲಿಯೂ ನೂರಕ್ಕೆ ತೊಂಬತ್ತೆರಡು ಪಾಲು ನೀರೇ ಇದೆ; ಆದರೆ ಆ ನೀರನ್ನು ಹಿಡಿದಿಡುವ ನಾರು ಅದರಲ್ಲಿ ಹೆಚ್ಚು. ಅಗಿದು ನುಂಗಿದ ನಾರು ನೀರನ್ನು ಹಿಡಿದುಕೊಂಡೇ ಜಠರದಲ್ಲಿ ಜಾಗ ತುಂಬುತ್ತದೆ, ಜಠರ ಹಿಗ್ಗಿದಾಗ ಸಾಕು ಎಂಬ ಸೂಚನೆ ಮಿದುಳಿಗೆ ಹೋಗುತ್ತದೆ, ಮತ್ತು ಅಗಿಯಲು ಹೆಚ್ಚು ಹೊತ್ತು ಹಿಡಿಯುವುದರಿಂದ ಆ ಸೂಚನೆ ತಲುಪಲು ಸಮಯವೂ ಸಿಗುತ್ತದೆ.

ಈ ಲೆಕ್ಕದಲ್ಲಿ ನಮ್ಮ ಮನೆಯ ನಿತ್ಯದ ಆಸರೆಯಾಗಿ ನಿಂತದ್ದು ಹುರುಳಿಕಾಯಿ, ಅಂದರೆ ಬೀನ್ಸ್. 200 ಗ್ರಾಂ ಹುರುಳಿಕಾಯಿಯಲ್ಲಿ ಶರ್ಕರಪಿಷ್ಟ ಸುಮಾರು 14 ಗ್ರಾಂ, ಅದರಲ್ಲಿ ಐದಾರು ಗ್ರಾಂ ನಾರು. ಒಂದು ಸೌಟು ಅನ್ನ, ಎಂದರೆ 100 ಗ್ರಾಂನಲ್ಲಿ 28 ಗ್ರಾಂ ಶರ್ಕರಪಿಷ್ಟ, ನಾರು ಅರ್ಧ ಗ್ರಾಂಗೂ ಕಡಿಮೆ. ಹೂಕೋಸು, ನವಿಲುಕೋಸು, ಬದನೆ, ಬೆಂಡೆಕಾಯಿಗಳೂ ಇದೇ ಸಾಲಿನವು. ಬೆಂಡೆಯ ಲೋಳೆಯೂ ಒಂದು ಬಗೆಯ ನಾರೇ ಆಗಿದ್ದು ಜೀರ್ಣವನ್ನು ನಿಧಾನಗೊಳಿಸುತ್ತದೆ. ಹಾಗಲಕಾಯಿ ಲೆಕ್ಕದಲ್ಲಿ ಬಹಳ ಚೆನ್ನಾಗಿದೆ, ಆದರೆ ಎರಡು ಸೌಟು ಹಾಗಲ ತಿನ್ನುವವರನ್ನು ನಾನು ಕಂಡಿಲ್ಲ. 100 ಗ್ರಾಂ ಅಣಬೆಯಲ್ಲಿ ಶರ್ಕರಪಿಷ್ಟ, ಸಸಾರಜನಕ ಎರಡೂ 3 ಗ್ರಾಂ ಆಸುಪಾಸಿನಲ್ಲಿದ್ದು, ಅಗಿಯಲೂ ಬಿಗಿಯಾಗಿರುವುದರಿಂದ ನನಗೆ ಅಚ್ಚುಮೆಚ್ಚು. ಮಳೆಯಲ್ಲಿ ಏಳುವ ಕಾಡಿನ ಅಣಬೆಯನ್ನು ಗುರುತು ಬಲ್ಲ ಹಿರಿಯರು ಆರಿಸಿದ ಹೊರತು ಒಲೆಗೆ ಏರಿಸುವುದಿಲ್ಲ, ಬೆಳೆಸಿದ ಅಣಬೆಯನ್ನೇ ಕೊಳ್ಳುತ್ತೇನೆ.

ಗೆಡ್ಡೆಗಳ ವಿಷಯದಲ್ಲಿ ನಾವು ಬಹಳ ಕಾಲ ಮೋಸಹೋಗಿದ್ದೆವು. ಆಲೂಗೆಡ್ಡೆ ಪಲ್ಯ, ಬಾಳೆಕಾಯಿ ಪಲ್ಯಗಳನ್ನು ಅನ್ನದ ಪಕ್ಕದಲ್ಲಿ ಬಡಿಸಿ ತರಕಾರಿ ತಿಂದೆವೆಂದು ಸಮಾಧಾನಪಡುತ್ತಿದ್ದೆವು. 100 ಗ್ರಾಂ ಆಲೂಗೆಡ್ಡೆಯಲ್ಲಿ 17 ಗ್ರಾಂ, ಸಿಹಿಗೆಣಸಿನಲ್ಲಿ 20 ಗ್ರಾಂ, ಕೆಸುವಿನ ಗೆಡ್ಡೆಯಲ್ಲಿ 26 ಗ್ರಾಂ ಶರ್ಕರಪಿಷ್ಟವಿದೆ. ಅವು ಕೆಟ್ಟ ಆಹಾರವಲ್ಲ, ಆದರೆ ಅವುಗಳ ಜಾಗ ಅನ್ನದ ಪಾಲಿನಲ್ಲಿ. ಗೆಣಸು ಬೇಯಿಸಿದ ದಿನ ನಾನು ಅನ್ನವನ್ನು ಬಿಡುತ್ತೇನೆ. ಸೋಜಿಗವೆಂದರೆ, ಅದೇ ಕೆಸುವಿನ ಎಲೆಯಲ್ಲಿ ಶರ್ಕರಪಿಷ್ಟ 7 ಗ್ರಾಂ ಮೀರುವುದಿಲ್ಲ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನಾರು. ಒಂದೇ ಗಿಡದ ಬುಡ ಒಂದು ಲೆಕ್ಕಕ್ಕೆ, ತಲೆ ಇನ್ನೊಂದು ಲೆಕ್ಕಕ್ಕೆ ಸೇರುತ್ತದೆ. ಕೆಸುವಿನ ಎಲೆಯಲ್ಲಿ ಗಂಟಲು ಕೆರೆಯುವ ಸೂಜಿಯಂಥ ಹರಳುಗಳಿರುವುದರಿಂದ ಹುಣಸೆ ಹುಳಿ ಹಾಕಿ ಮೆತ್ತಗಾಗುವವರೆಗೆ ಬೇಯಿಸುತ್ತೇನೆ. ಕೆಲವರು ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯನ್ನೂ ಹಾಕುತ್ತಾರೆ.

ತರಕಾರಿ ಆರಿಸಿದ ಮೇಲೆ ಬಡಿಸುವ ಕ್ರಮವನ್ನೂ ಬದಲಿಸಬೇಕಾಯಿತು. ಮೊದಲು ಎರಡು ಸೌಟು ಪಲ್ಯವನ್ನು ಬರಿದಾಗಿ ತಿಂದು, ಆಮೇಲೆ ಒಂದು ಸೌಟು ಅನ್ನವನ್ನು ಸಾರಿನ ಜೊತೆ ಕಲೆಸಿಕೊಳ್ಳುತ್ತೇನೆ. ಪಲ್ಯದಲ್ಲಿ ಕಾಳೋ, ಮೊಟ್ಟೆಯೋ, ಎರಡು ಚಮಚ ಕಾಯಿತುರಿಯೋ ಇರಲೇಬೇಕು, ಏಕೆಂದರೆ ಸಸಾರಜನಕ ಮತ್ತು ಕೊಬ್ಬು ಜೊತೆಗಿಲ್ಲದ ಬರೀ ತರಕಾರಿ ಎಷ್ಟು ನಾರಿದ್ದರೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಬಸ್ಸಾರು ಮಾಡುವ ದಿನವಂತೂ ಇದೆಲ್ಲ ತಾನಾಗಿಯೇ ಒದಗುತ್ತದೆ. ಸೊಪ್ಪು ಮತ್ತು ಕಾಳು ಬಸಿದು ಪಲ್ಯಕ್ಕೆ, ಬಸಿದ ನೀರು ಸಾರಿಗೆ. ಮೊದಲ ದಿನ ನನ್ನ ತಟ್ಟೆಯನ್ನು ಕಂಡ ಅತ್ತೆ, “ಇದೇನಮ್ಮ, ಅನ್ನಕ್ಕೆ ಪಲ್ಯವೋ, ಪಲ್ಯಕ್ಕೆ ಅನ್ನವೋ?” ಎಂದು ಕೇಳಿದರು. “ಇನ್ನು ಮೇಲೆ ಪಲ್ಯಕ್ಕೇ ಅನ್ನ, ಅತ್ತೆ” ಎಂದೆ. ಅವರು ಮತ್ತೇನೂ ಹೇಳದೆ ನನ್ನ ತಟ್ಟೆಗೆ ಇನ್ನೊಂದು ಸೌಟು ಹುರುಳಿಕಾಯಿ ಹಾಕಿದರು.

ಒಂಬತ್ತು ತಿಂಗಳ ನಂತರ ನನ್ನ ಎಚ್‌ಬಿಎ1ಸಿ 5.8ಕ್ಕೆ ಬಂದಿತು. ಆ ಅವಧಿಯಲ್ಲಿ ನಿತ್ಯ ಸಂಜೆ ಅರ್ಧ ಗಂಟೆ ನಡೆಯುವುದನ್ನೂ ಆರಂಭಿಸಿದ್ದರಿಂದ ಪೂರ್ತಿ ಶ್ರೇಯಸ್ಸನ್ನು ತರಕಾರಿಗೇ ಕೊಡಲಾರೆ. ಈಗಾಗಲೇ ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ಅನ್ನ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದಾದ್ದರಿಂದ ವೈದ್ಯರೊಡನೆ ಮಾತನಾಡಿ ಔಷಧದ ಪ್ರಮಾಣವನ್ನು ಸರಿಪಡಿಸಿಕೊಂಡೇ ಮುಂದುವರಿಯಬೇಕು. ಮೂತ್ರಪಿಂಡದ ತೊಂದರೆ ಇರುವವರು ಸೊಪ್ಪು ತರಕಾರಿಗಳ ಪೊಟ್ಯಾಸಿಯಂ ಬಗ್ಗೆಯೂ ಕೇಳಿಕೊಳ್ಳಬೇಕು.

ಶನಿವಾರಸಂತೆಯ ಸಂತೆಗೆ ಹೋದಾಗ ಈಗ ನನ್ನ ಚೀಲದ ತಳಕ್ಕೆ ಮೊದಲು ಬೀಳುವುದು ಎರಡು ಕೋಸು, ಅದರ ಮೇಲೆ ಎರಡು ಕಿಲೋ ಹುರುಳಿಕಾಯಿ, ಮೇಲ್ಗಡೆ ಸೊಪ್ಪಿನ ಕಟ್ಟುಗಳು. ಸೋರೆಕಾಯಿಯನ್ನೂ ಒಂದು ತರುತ್ತೇನೆ. ಎಪ್ಪತ್ತೆಂಟರ ಅತ್ತೆಗೆ ಹಲ್ಲಿಲ್ಲ, ನಾರಿನ ತರಕಾರಿಯನ್ನು ಅವರು ಅಗಿಯಲಾರರು. ಅವರ ತೂಕ ಇಳಿಯಬೇಕಾದ್ದೂ ಇಲ್ಲ. ಅವರಿಗೆ ಎರಡು ಸೌಟು ಮೆತ್ತನೆಯ ಅನ್ನ, ಬೇಳೆ ಹಾಕಿ ಕರಗುವಂತೆ ಬೇಯಿಸಿದ ಸೋರೆಕಾಯಿ ಕೂಟು, ಮೇಲೊಂದು ಚಮಚ ತುಪ್ಪ.