ಗಂಜ್‌ನ ಹಳೇ ಪಟ್ಟಿ ಸಾಫ್ಟ್‌ವೇರ್ ಡಾಕರ್‌ಗೆ ಹಾಕಿದ್ದು: ನನ್ನ ಅನುಭವ

ಕಲಬುರಗಿ ನೆಹರು ಗಂಜ್ ಮಾರ್ಕೆಟ್‌ನಾಗ ಒಬ್ಬ ಅಡತ್ ಸಾವ್ಕಾರ್ರ (ಕಮಿಷನ್ ಮ್ಯಾಲೆ ರೈತರ ಮಾಲು ಮಾರಿಕೊಡೋರು) ಅಂಗಡಿ ಸಾಫ್ಟ್‌ವೇರ್ ನಾ ನೋಡ್ಕೋತೀನಿ. ರೈತರಿಗೆ ಕೊಡೋ ಪಟ್ಟಿ, ಅಂದ್ರ ಮಾರಾಟದ ಲೆಕ್ಕದ ಚೀಟಿ, ಅದರಾಗೇ ಮಾಡ್ತಾರ. ಭಾಳ ವರ್ಷದ ಹಿಂದ ಯಾರೋ ಜಾವಾದಾಗ ಬರೆದಿದ್ದು, ಅದನ್ನ ನಡೆಸೋ ಟಾಮ್‌ಕ್ಯಾಟ್ ಸರ್ವರ್, ಲೆಕ್ಕ ಇಡೋ ಮೈಎಸ್‌ಕ್ಯೂಎಲ್ ಡೇಟಾಬೇಸ್ ಎಲ್ಲಾ ಒಂದೇ ವಿಂಡೋಸ್ ಪಿಸಿಯೊಳಗ. ಬರೆದಾವ್ರು ಈಗ ಸಿಗಂಗಿಲ್ಲ, ಸೋರ್ಸ್ ಕೋಡ್ ಇಲ್ಲ, ಇದ್ದದ್ದು ವಾರ್ ಫೈಲ್, ಅಂದ್ರ ತಯಾರಾದ ಪ್ರೋಗ್ರಾಂನ ಕಟ್ಟು, ಅಷ್ಟ. ಹೋದ ವರ್ಷ ಕರೆಂಟ್ ಹೋಗಿ ಬಂದು ಹಾರ್ಡ್‌ಡಿಸ್ಕ್ ಕೆಟ್ಟಾಗ ಮುನೀಮರು ಎರಡು ದಿನ ಕೈಲೆ ಪಟ್ಟಿ ಬರೆದ್ರು, ಅವಾಗ ಕ್ಲೌಡ್‌ಗೆ ಹೋಗೋದು ಅಂತ ಆತು.

ಎಲ್ಲಾರೂ ಹೊಸದಾಗಿ ಬರೆಸ್ರಿ ಅಂದ್ರು, ನಾ ಬ್ಯಾಡ ಅಂದೆ. ಯಾಕಂದ್ರ ಕಮಿಷನ್, ಹಮಾಲಿ, ತೂಕದಾಗ ಎಷ್ಟು ಕಡಿತ, ಯಾವ ಖರೀದಿದಾರರಿಗೆ ಯಾವ ಲೆಕ್ಕ, ಇದೆಲ್ಲಾ ಆ ಸಾಫ್ಟ್‌ವೇರ್ ಬಿಟ್ರ ಬ್ಯಾರೆ ಎಲ್ಲೂ ಬರೆದಿಟ್ಟಿಲ್ಲ. ಅದಕ್ಕ ಹೆಂಗ ಅದನೋ ಹಂಗ, ಅದೇ ಜಾವಾ 8, ಅದೇ ಟಾಮ್‌ಕ್ಯಾಟ್, ಡಾಕರ್ ಇಮೇಜ್ ಮಾಡ್ದೆ. ಡಾಕರ್ ಅಂದ್ರ ಪ್ರೋಗ್ರಾಂ, ಅದಕ್ಕ ಬೇಕಾದ್ದೆಲ್ಲಾ ಒಂದೇ ಕಟ್ಟು ಕಟ್ಟಿ ಯಾವ ಸರ್ವರ್‌ನಾಗ ಬೇಕೋ ಅಲ್ಲಿ ನಡೆಸೋ ಸಾಧನ; ಆ ಕಟ್ಟಿಗೆ ಇಮೇಜ್ ಅಂತಾರ, ಅದು ನಡೆಯೋವಾಗ ಕಂಟೇನರ್. ಸರ್ವರ್ ಅಮೆಜಾನ್ ಕ್ಲೌಡ್ ಎಡಬ್ಲ್ಯೂಎಸ್‌ನ ಹೈದರಾಬಾದ್ ರೀಜನ್‌ನಾಗ ತಗೊಂಡೆ, 2022ರಾಗ ಶುರು ಆಗ್ಯಾದ, ನಮಗ ಮುಂಬೈಗಿಂತ ಹತ್ರ. ಭಾಳ ಸರ್ವರ್ ಮ್ಯಾಲೆ ಕಂಟೇನರ್ ನಡೆಸೋ ಕುಬರ್ನೆಟಿಸ್ ಬೇಕಾಗ್ಲಿಲ್ಲ, ಒಂದು ಅಂಗಡಿಗೆ ಒಂದೇ ಸರ್ವರ್‌ನಾಗ ನಡೆಸೋ ಡಾಕರ್ ಕಂಪೋಸ್ ಸಾಕು. ಹಳೇ ಟಾಮ್‌ಕ್ಯಾಟ್ ಮಾತ್ರ ನೇರ ಇಂಟರ್ನೆಟ್‌ಗೆ ಬಿಡಬ್ಯಾಡ್ರಿ, ನಾನು ವಿಪಿಎನ್ (ನಮ್ಮವರಿಗೆ ಮಾತ್ರ ತೆರೆಯೋ ದಾರಿ) ಹಿಂದ ಇಟ್ಟೀನಿ.

ಇಮೇಜ್ ಮಾಡೋ ಡಾಕರ್‌ಫೈಲ್ ಹತ್ತು ಸಾಲು ಇರಬೇಕು ಅಷ್ಟ, ಖರೇ ಕೆಲಸ ಆಮೇಲೆ ಶುರು ಆತು. ಮೊದಲ ಪಟ್ಟಿ ಪಿಡಿಎಫ್ ತಗದ್ರ ರೈತರ ಹೆಸರಿನ ಜಾಗದಾಗ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿಕೊಂಡು ಬಂದ್ವು. ಹೆಸರೆಲ್ಲಾ ಹಳೇ ನುಡಿ ಫಾಂಟ್‌ನಾಗ ಟೈಪ್ ಮಾಡಿದ್ದು, ಯುನಿಕೋಡ್ ಅಲ್ಲ, ಆ ಫಾಂಟ್ ಇದ್ರ ಮಾತ್ರ ಕನ್ನಡ ಕಾಣ್ತದ, ಅಂಗಡಿ ಪಿಸಿಯಾಗ ಇತ್ತು, ಕಂಟೇನರ್‌ನಾಗ ಎಲ್ಲಿಂದ ಬರಬೇಕು. ಫಾಂಟ್ ಫೈಲ್ ಇಮೇಜ್‌ನಾಗ ಹಾಕಿದ ಮ್ಯಾಲೆ ಸರಿ ಆತು. ಪಿಡಿಎಫ್ ಇಡೋ ಜಾಗ ಡಿ ಡ್ರೈವ್ ಅಂತ ಬರೆದಿದ್ರು. ಲಿನಕ್ಸ್‌ನಾಗ ಡಿ ಡ್ರೈವ್ ಇಲ್ಲ, ಆದ್ರೂ ಎರರ್ ಬರಲಿಲ್ಲ, ಆ ದಾರಿನ ಫೈಲ್ ಹೆಸರು ಅಂತ ತಿಳ್ಕೊಂಡು ಕಂಟೇನರ್ ಒಳಗೇ ಬರೀತಿತ್ತು, ಕಂಟೇನರ್ ಹೊಸದು ಮಾಡಿದ ಕೂಡ್ಲೆ ಎಲ್ಲಾ ಹೋದ್ವು. ಸೆಟ್ಟಿಂಗ್ ಇರೋ ಪ್ರಾಪರ್ಟಿ ಫೈಲ್‌ನಾಗ ದಾರಿ ಬದಲಿ ಮಾಡಿ, ಕಂಟೇನರ್ ಹೋದ್ರೂ ಉಳಿಯೋ ವಾಲ್ಯೂಮ್‌ಗೆ ತಿರುಗಿಸಿದೆ.

ಮೂರು ದಿನ ತಲಿ ಕೆಡಿಸಿದ್ದು ಮೆಮೊರಿ. ಸಂಜಿಮುಂದ ಎಲ್ಲಾರೂ ಲೆಕ್ಕ ನೋಡೋ ಹೊತ್ತಿಗೆ ಕಂಟೇನರ್ ಸಾಯ್ತಿತ್ತು, ಎಕ್ಸಿಟ್ ಕೋಡ್ 137 (ಹೊರಗಿನಿಂದ ಕೊಂದದ್ದು ಅಂತ), ಜಾವಾ ಲಾಗ್‌ನಾಗ ಒಂದು ಸಾಲೂ ಇಲ್ಲ. ಜಾವಾ 8ರ ಅಪ್‌ಡೇಟ್ 191ಕ್ಕಿಂತ ಹಳೇವು ಕಂಟೇನರ್ ಮಿತಿ ನೋಡಂಗಿಲ್ಲ, ಇಡೀ ಸರ್ವರ್‌ನ 8 ಜಿಬಿ ನೋಡಿ ಅದರಾಗ ಕಾಲು ಭಾಗ, ಅಂದ್ರ 2 ಜಿಬಿ ತನಕ, ಹೀಪ್ (ಜಾವಾ ಕೆಲಸ ಮಾಡೋ ಮೆಮೊರಿ) ತಗೋತಾವ, ನಾ ಕೊಟ್ಟ ಮಿತಿ 1 ಜಿಬಿ, ಹಂಗಾಗಿ ದಾಟಿದ ಕೂಡ್ಲೆ ಲಿನಕ್ಸ್ ಕರ್ನೆಲ್ ಕೊಲ್ತಿತ್ತು. ಹೀಪ್ 600 ಎಂಬಿ ಅಂತ ನಾನೇ ಗಟ್ಟಿ ಮಾಡಿ ಹಾಕ್ದೆ, ನಿಂತಿತು.

ಹದಿನೈದು ದಿನ ಹಳೇದು ಹೊಸದು ಎರಡೂ ನಡೆಸಿದ್ವಿ, ದಿನಾ ಸಂಜಿ ಮುನೀಮರು ಎರಡರ ಮೊತ್ತ ಕೂಡಿಸಿ ನೋಡೋರು. ತೊಗರಿ ಸೀಜನ್, ಜನವರಿ, ಗಾಡಿ ನಸುಕಿನಾಗೇ ಬರ್ತಾವ. ಒಂದಿನ ಎರಡು ಪಟ್ಟಿ ನನ್ನ ಮುಂದ ಇಟ್ಟು "ಸರ, ಮೊತ್ತ ಸರಿ ಅದ, ತಾರೀಖು ನೋಡ್ರಿ" ಅಂದ್ರು. ಬೆಳಿಗ್ಗೆ 4.45ಕ್ಕ ಮಾಡಿದ ಪಟ್ಟಿ, ಹಳೇದ್ರಾಗ 12, ಹೊಸದ್ರಾಗ 11. ಕಂಟೇನರ್ ಯುಟಿಸಿ ಟೈಮ್‌ನಾಗ ನಡೀತದ, ನಮ್ಮ ಟೈಮ್‌ಗಿಂತ ಐದೂವರೆ ತಾಸು ಹಿಂದ, ಅದಕ್ಕ ಐದೂವರೆ ಒಳಗಿನ ಪಟ್ಟಿ ಎಲ್ಲಾ ಹಿಂದಿನ ದಿನಕ್ಕ ಬೀಳ್ತಿದ್ವು. ಆ ದಿನದ ರೇಟೇ ಬ್ಯಾರೆ ಇರ್ತದ, ರೈತ ಬಂದು ಕೇಳಿದ್ರ ಏನು ಹೇಳೋದು. ಜಾವಾಕ್ಕ ಒಂದು, ಮೈಎಸ್‌ಕ್ಯೂಎಲ್‌ಗೆ ಒಂದು, ಎರಡೂ ಕಡೆ ಟೈಮ್‌ಝೋನ್ ಹಾಕಿದೆ, ಆಮೇಲೆ ತಪ್ಪು ಬಿದ್ದ ಪಟ್ಟಿ ಎಲ್ಲಾ ಮುನೀಮರ ಬಾಜೂಕ ಕುಂತು ಒಂದೊಂದಾಗಿ ತಿದ್ದಿದ್ವಿ.