ಪೆಗಾದೋರ್‌ಗೆ ಕನ್ನಡ ಹುಡುಕಿದ್ದು

ಕೆರಿಬಿಯನ್ ಸಮುದ್ರಯಾನದ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೆ. ಶಾರ್ಕಿನ ಜೊತೆಗೇ ಸಾಗುವ ‘ಪೆಗಾದೋರ್’ ಎಂಬ ಮೀನು ಎದುರಾಯಿತು. ಪದ ಸ್ಪ್ಯಾನಿಷ್‌ನದು. ಅದರ ನಿಘಂಟು ತೆರೆದರೆ, ಪೆಗಾದೋರ್ ಎಂದರೆ ಬಲವಾಗಿ ಗುದ್ದುವ ಬಾಕ್ಸರ್ ಎಂದಿತ್ತು. ‘ಗುದ್ದುಮೀನು’ ಎಂದು ಬರೆದೆ. ಎರಡು ಪುಟ ದಾಟುವಷ್ಟರಲ್ಲಿ ಅದೇ ಮೀನು ಹಡಗಿನ ತಳಕ್ಕೆ ಹತ್ತಿಕೊಂಡಿತು! ಮತ್ತೆ ನಿಘಂಟಿಗೆ ಮರಳಿದೆ. ‘ಪೆಗಾರ್’ ಕ್ರಿಯಾಪದಕ್ಕೆ ಹೊಡೆ ಎಂಬಂತೆ ಅಂಟಿಸು ಎಂಬ ಅರ್ಥವೂ ಇದೆ. ಅದರ ಲ್ಯಾಟಿನ್ ಮೂಲ, ಡಾಂಬರಿನಂಥ ರಾಳ ಬಳಿಯುವುದು. ಸಾಮಾನ್ಯವಾಗಿ ರೆಮೊರಾ ಎನ್ನುವ ಮೀನೇ ಇದು.

‘ಅಂಟುಮೀನು’ ಎಂದು ತಿದ್ದಿದೆ. ಆದರೂ ಸಮಾಧಾನವಿಲ್ಲ. ಒಂದು ಬೆಳಿಗ್ಗೆ ಮಲ್ಪೆ ಬಂದರಿಗೆ ಹೋದಾಗ ಬುಟ್ಟಿಯ ತಳದಲ್ಲಿ ಒಂದು ಸಿಕ್ಕಿತು. “ತಾಟೆಗೆ ಕಚ್ಚಿಕೊಂಡೇ ಬರುವುದು ಮಾರಾಯ್ರೆ” ಎಂದರು ಮೀನು ಮಾರುವ ಅಕ್ಕ. ತಾಟೆ ಎಂದರೆ ಅಲ್ಲಿಯವರ ಮಾತಿನಲ್ಲಿ ಶಾರ್ಕು. ತಲೆಯ ಮೇಲೆ ಚಪ್ಪಲಿಯ ಅಟ್ಟೆಯಂತೆ ಅಡ್ಡಗೆರೆಗಳ ಉದ್ದನೆಯ ಬಿಲ್ಲೆ. ಬೆನ್ನಿನ ರೆಕ್ಕೆಯೇ ಮಾರ್ಪಟ್ಟು ಹಾಗಾಗಿರುವುದು. ತಲೆಯಿಂದ ಬಾಲದ ಕಡೆಗೆ ಬೆರಳಾಡಿಸಿದರೆ ನಯ. ತಿರುಗಿಸಿ ಎಳೆದರೆ ಸಣ್ಣ ಮುಳ್ಳುಗಳು ಚರ್ಮಕ್ಕೆ ಸಿಕ್ಕಿದವು. ಇದರಲ್ಲಿ ಅಂಟಿನ ಪಾತ್ರವೇ ಇಲ್ಲ. ಅಂಚು ಹೀರಿ ಹಿಡಿಯುತ್ತದೆ, ಒಳಗಿನ ಅಡ್ಡಪಟ್ಟಿಗಳು ಎದ್ದು ಕಚ್ಚುತ್ತವೆ. ಹಿಂದಕ್ಕೆ ಎಳೆದಷ್ಟೂ ಬಿಗಿ, ಮುಂದಕ್ಕೆ ಸರಿಸಿದರೆ ಸಡಿಲ.

ಇದು ಕೈಗೆ ತಿಳಿದ ಮೇಲೆ, ನನಗೆ ಅಲ್ಲಿಯವರೆಗೆ ಒಗಟಾಗಿದ್ದ ಪ್ಯಾರಾ ಬಿಡಿಸಿಕೊಂಡಿತು. 1494ರಲ್ಲಿ ಕೊಲಂಬಸ್ ಕ್ಯೂಬಾದ ದಕ್ಷಿಣ ತೀರದಲ್ಲಿದ್ದಾಗ, ಅಲ್ಲಿಯ ಜನ ಈ ಮೀನಿನ ಬಾಲಕ್ಕೆ ಹಗ್ಗ ಕಟ್ಟಿ ಆಮೆ ಹಿಡಿಯುತ್ತಿದ್ದುದು ದಾಖಲಾಗಿದೆ. ಅವರು ಅದನ್ನು ಕರೆಯುತ್ತಿದ್ದುದು ‘ಗುವಾಯ್‌ಕಾನ್’ ಎಂದು. ಬಾಲದಿಂದ ಎಳೆಯುವುದು ಎಂದರೆ ಹಿಂದಕ್ಕೆ ಎಳೆಯುವುದು. ಹಿಡಿತ ಬಿಗಿಯಾಗುತ್ತಲೇ ಹೋಗುತ್ತದೆ. ಎಂಥ ತಿಳಿವಳಿಕೆ ಅವರದು!

ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಕತೆ ಕೇಳಿ ಬೆಳೆದವಳು ನಾನು, ಪದಕ್ಕಾಗಿ ಅಷ್ಟು ದೂರ ಅಲೆದಿದ್ದೆ. ನಾವಿಕರ ಬಾಯಲ್ಲಿ ‘ಪೆಗಾದೋರ್’ ಹಾಗೆಯೇ ಉಳಿಸಿದೆ, ಅದು ಅವರ ಮಾತು. ಅರ್ಥ ಬಿಡಿಸುವಲ್ಲಿ ‘ಅಂಟುವವ’ ಎಂದೆ. ಆಮೆಯ ಪ್ಯಾರಾದಲ್ಲಿ ಮಾತ್ರ ಹೀಗೆ ಬರೆದೆ: “ಹಗ್ಗ ಜಗ್ಗಿದರು. ಮೀನು ಬಿಡಲಿಲ್ಲ, ಉಡದ ಪಟ್ಟು.”