ಮಕ್ಕಳ ಅಣಕು ಸೆನೆಟ್‌ನಲ್ಲಿ ಒಂದೇ ವೋಟಿಗೆ ಇಡೀ ಪಟ್ಟಿ

2025ರ ಸೆಪ್ಟೆಂಬರ್ 18ರಂದು ಅಮೆರಿಕದ ಸೆನೆಟ್ (ಅಲ್ಲಿನ ಮೇಲ್ಮನೆ) ಅಧ್ಯಕ್ಷರು ಸರ್ಕಾರಿ ಹುದ್ದೆಗಳಿಗೆ ಹೆಸರಿಸಿದ 48 ಜನರ ನೇಮಕಕ್ಕೆ ಒಂದೇ ವೋಟಿನಲ್ಲಿ ಒಪ್ಪಿಗೆ ಕೊಟ್ಟಿತು, 51ಕ್ಕೆ 47. ಇದನ್ನು ನ್ಯೂಜೆರ್ಸಿಯ ನಮ್ಮ ಕನ್ನಡ ಶಾಲೆಯ ಅಣಕು ಸೆನೆಟ್‌ಗೂ ತರೋಣ ಅಂದೆ. "ಮಕ್ಕಳಿಗೆ ಇದೆಲ್ಲಾ ಎಲ್ಲಿ ಅರ್ಥ ಆಗುತ್ತೆ, ಸುಮ್ನಿರಿ" ಅಂದರು ಕೆಲವರು. ಅರ್ಥ ಆಯಿತು. ದೊಡ್ಡವರಿಗಿಂತ ಬೇಗ ಆಯಿತು.

ಮೊದಲೆಲ್ಲ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತಿದ್ದೆವು. ಪ್ರತಿ ಹೆಸರಿಗೂ ಕ್ಲೋಚರ್ (ಚರ್ಚೆಗೆ ಮಿತಿ ಹಾಕೋಣ ಅನ್ನೋ ವೋಟು), ಚರ್ಚೆ, ವೋಟು. ಸೆನೆಟ್‌ನ 2 ಗಂಟೆ ಚರ್ಚೆಯನ್ನು 2 ನಿಮಿಷಕ್ಕೆ ಇಳಿಸಿದರೂ ವಿರೋಧ ಪಕ್ಷದ ಮಕ್ಕಳು ಬಿಡಲಿಲ್ಲ. ಪ್ರತಿಯೊಂದಕ್ಕೂ ಹೆಸರು ಕೂಗಿಯೇ ವೋಟು ಆಗಬೇಕು ಅಂತ ಹಟ. ಹಾಲ್ ಬಾಡಿಗೆ ಗಂಟೆಗೆ 80 ಡಾಲರ್ ಹತ್ತಿರ. 3 ಗಂಟೆಯ ಅವಧಿಗೆ ಅಂತ ಹಿಡಿದಿದ್ದು 5 ಗಂಟೆ ಆಯಿತು. 20 ಹೆಸರಲ್ಲಿ ಮುಗಿದಿದ್ದು ಏಳೋ ಎಂಟೋ. ಚಿತ್ರಾನ್ನ ತಣ್ಣಗಾಯಿತು, ಖಜಾಂಚಿ ಬಿಸಿಯಾದರು.

ಹೊಸ ಪದ್ಧತಿಯಲ್ಲಿ ಪಟ್ಟಿ ಮಾಡೋದು ಸುಲಭ, ಅದಕ್ಕೆ ದಾರಿ ಮಾಡೋದೇ ಕಷ್ಟ. ಸೆಪ್ಟೆಂಬರ್ 11ರಂದು ಸೆನೆಟ್ ನಿಯಮದ ಪುಸ್ತಕವನ್ನು ಮುಟ್ಟಲಿಲ್ಲ. ಸಭಾಧ್ಯಕ್ಷರ ಪೀಠದ ತೀರ್ಪನ್ನೇ ಸರಳ ಬಹುಮತದಿಂದ ಉರುಳಿಸಿತು. ನಮ್ಮ ಸಭಾಧ್ಯಕ್ಷೆ ಹನ್ನೆರಡು ವರ್ಷದ ಹುಡುಗಿ. "ಗುಂಪಾಗಿ ತರೋ ಹಾಗಿಲ್ಲ" ಅಂತ ತೀರ್ಪು ಕೊಟ್ಟಳು. ಬಹುಮತದವರು ಎದ್ದು ಅದನ್ನು ಬೀಳಿಸಿದರು. ಪಾಪ, ಅವಳಿಗೆ ಸ್ವಲ್ಪ ಬೇಜಾರೇ ಆಯಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. 2023ರಲ್ಲಿ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಏಮಿ ಕ್ಲೋಬುಚಾರ್ ಒಂದು ಸಲಹೆ ಕೊಟ್ಟಿದ್ದರು: ಒಂದೇ ಸಮಿತಿಯಿಂದ ಬಂದ 10 ಜನರವರೆಗೆ ಒಟ್ಟಿಗೆ ತರಬಹುದು ಅಂತ. ಹಾಗೂ ನಡೆಸಿ ನೋಡಿದೆ. ಚರ್ಚೆ ಚೆನ್ನಾಗಿತ್ತು, ನನಗೆ ಇದೇ ಜಾಸ್ತಿ ಇಷ್ಟ. ಆದರೆ ಯಾವ ಹತ್ತು ಅಂತ ಚೌಕಾಸಿ ಮಾಡೋದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಕೈಬಿಟ್ಟೆ.

ನಿಜವಾದ ಮಜಾ ಅರ್ಹತೆಯದು. ಕ್ಯಾಬಿನೆಟ್ ದರ್ಜೆಯ ಹುದ್ದೆಗಳನ್ನೂ ನ್ಯಾಯಾಧೀಶರನ್ನೂ ಪಟ್ಟಿಗೆ ಸೇರಿಸೋ ಹಾಗಿಲ್ಲ. 2025ರ ಡಿಸೆಂಬರ್‌ನಲ್ಲಿ ಸೆನೆಟ್‌ಗೆ ಬಂದ 88 ಹೆಸರಿನ ಪಟ್ಟಿಯಲ್ಲಿ ಒಂದು ಹುದ್ದೆ ಸಂಬಳದ ಮೊದಲ ದರ್ಜೆಗೆ, ಅಂದರೆ ಕ್ಯಾಬಿನೆಟ್ ದರ್ಜೆಗೆ, ಸೇರಿತ್ತು. ಕೊಲರಾಡೋದ ಡೆಮಾಕ್ರಟಿಕ್ ಸೆನೆಟರ್ ಮೈಕಲ್ ಬೆನೆಟ್ ಆಕ್ಷೇಪ ಎತ್ತಿದರು, ಇಡೀ ಪಟ್ಟಿ ಬಿತ್ತು. ಆಮೇಲೆ ಬಹುಮತದ ರಿಪಬ್ಲಿಕನ್ನರು 97 ಹೆಸರಿನ ಹೊಸ ಪಟ್ಟಿ ತಂದು 53ಕ್ಕೆ 43ರಲ್ಲಿ ಗೆದ್ದರು. ಅದಕ್ಕೇ ನಾನು ಪ್ರತಿ ಸಲ ಅಂಥ ಒಂದು ಹೆಸರನ್ನು ಬೇಕಂತಲೇ ಸೇರಿಸುತ್ತೇನೆ. ಎಲ್ಲಿ, ಹೇಗೆ ಅಂತ ಇಲ್ಲಿ ಬರೆಯೋದಿಲ್ಲ, ನಮ್ಮ ಮಕ್ಕಳೂ ಇದನ್ನು ಓದುತ್ತಾರೆ. ವಿರೋಧ ಪಕ್ಷ ಅದನ್ನು ಹಿಡಿದರೆ ಪಟ್ಟಿ ಬೀಳುತ್ತದೆ. ಹಿಡಿಯದಿದ್ದರೆ ಒಂದೇ ವೋಟು.

ಅಕ್ಟೋಬರ್ 7ರ 107 ಹೆಸರಿನ ಪಟ್ಟಿಯನ್ನೂ ಆಡಿಸಿದೆ, ಸ್ವಲ್ಪ ಚಿಕ್ಕದು ಮಾಡಿ. ಅದರಲ್ಲಿ ಭಾರತಕ್ಕೆ ಅಮೆರಿಕದ ರಾಯಭಾರಿಯಾಗಿ ಸರ್ಜಿಯೋ ಗೋರ್ ಹೆಸರಿದೆ. ಅಷ್ಟು ಹೊತ್ತು ಫೋನ್ ನೋಡುತ್ತಿದ್ದ ಅಪ್ಪಂದಿರು ಅಲ್ಲಿ ತಲೆ ಎತ್ತಿದರು. "ಇವರೊಬ್ಬರ ಬಗ್ಗೆ ಬೇರೆ ಚರ್ಚೆ ಬೇಡ್ವಾ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ, ಆದರೆ ಬಹುಮತ ಬೇಡ ಅಂದಿತು.

ಈಗ ಎರಡೂವರೆ ಗಂಟೆಯೊಳಗೆ ಎಲ್ಲಾ ಮುಗಿಯುತ್ತದೆ. ಉಳಿದ ಬಾಡಿಗೆ ದುಡ್ಡಲ್ಲಿ ಸಭಾಧ್ಯಕ್ಷೆಗೆ ಒಂದು ಮರದ ಸುತ್ತಿಗೆ ಕೊಂಡೆವು, ಇಪ್ಪತ್ತು ಚಿಲ್ಲರೆ ಡಾಲರ್.